ಸೂಲಂಗಿಗೆ ಚಾಮರ ಅನ್ನಬಹುದಾ? ಮಗಳ ಪದ್ಯ, ಮಾವನ ತಕರಾರು

ನಾಲೆಏರಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ನಮ್ಮ ಮನೆಯಲ್ಲಿ ಒಂದು ಪದ್ಯದ ವಿಷಯಕ್ಕೆ ಮಾತುಕತೆ ನಡೀತಿದೆ. ಮಾತುಕತೆ ಅಂದರೆ ಜಗಳವೇ ಅನ್ನಿ.

ಮಗಳು ಹತ್ತನೇ ಕ್ಲಾಸು. ಶಾಲೆಯ ಗೋಡೆಪತ್ರಿಕೆಗೆ ನಿಸರ್ಗದ ಬಗ್ಗೆ ಪದ್ಯ ಬರೆದುಕೊಂಡು ಬನ್ನಿ ಅಂದಿದ್ದಾರೆ. ಸಂಕ್ರಾಂತಿಗೆ ಊರಿಗೆ ಹೋಗಿದ್ದಾಗ ಗದ್ದೆ ಹತ್ತಿರ ಒಬ್ಬಳೇ ಹೋಗಿ ಕೂತು, ಸೂಲಂಗಿ ಅಂದರೆ ಕಬ್ಬಿನ ತುದಿಗೆ ಬರುವ ಬಿಳೀ ಹೂವು, ಅದನ್ನು ನೋಡಿ ಬರೆದಳು. ನಾಲ್ಕೇ ಸಾಲು:

ಕಬ್ಬಿನ ಗದ್ದೆಗೆ ಬೆಳ್ಳಿಯ ಚಾಮರ
ಬೀಸುವ ಗಾಳಿಯೆ ಸೇವಕನು
ಯಾರೋ ರಾಜನು ಬರುವವನಿರಬೇಕು
ನಾಲೆಯ ನೀರೂ ನಿಂತಿಹುದು

ನನಗಂತೂ ಇಷ್ಟವಾಯಿತು. ಅವಳು ಖುಷಿಯಿಂದ ತಾತನ ಹತ್ತಿರ ಹೋಗಿ ಓದಿದಳು. ಮಾವ ಜಗಲಿ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಪೂರ್ತಿ ಕೇಳಿಸಿಕೊಂಡು ಜೋರಾಗಿ ನಕ್ಕುಬಿಟ್ಟರು. "ಅದು ಸೂಲಂಗಿ ಕಣ್ ಮಗ. ಸೂಲಂಗಿ ಬಂತು ಅಂದ್ರೆ ಕಬ್ಬು ಬೆಂಡಾಯ್ತು ಅಂತ. ಅದುಕ್ಕೆ ಚಾಮರ ಬೀಸ್ತಾವ್ರೆ ಅಂದ್ರೆ ಊರವ್ರು ನಗಾಡ್ತಾರೆ" ಅಂದರು. ಅಷ್ಟಕ್ಕೇ ಬಿಡಲಿಲ್ಲ. "ನೀರು ನಿಂತಿರೋದು ರಾಜ ಬತ್ತಾನೆ ಅಂತಲ್ಲ, ಕಟ್ಟು ಮುಗೀತು ಅಂತ" ಅಂದರು. ಗೊತ್ತಿಲ್ಲದವರಿಗೆ ಹೇಳ್ತೀನಿ, ನಮ್ಮ ಕಡೆ ನಾಲೆಗೆ ಇಷ್ಟು ದಿನ ನೀರು ಬಿಟ್ಟು ಇಷ್ಟು ದಿನ ನಿಲ್ಲಿಸ್ತಾರೆ, ಅದಕ್ಕೆ ಕಟ್ಟು ಪದ್ಧತಿ ಅಂತಾರೆ.

ಮಾವನ ತಪ್ಪೂ ಇಲ್ಲ. ಈ ವರ್ಷ ಕಾರ್ಖಾನೆಯಿಂದ ಕಟಾವಿನ ಆರ್ಡರ್ ಇನ್ನೂ ಬಂದಿಲ್ಲ, ಕಬ್ಬು ನಿಂತಲ್ಲೇ ನಿಂತಿದೆ. ದಿನಾ ಬೆಳಗ್ಗೆ ಎದ್ದು ಆ ಬಿಳೀ ಹೂವು ನೋಡಿದರೆ ಅವರಿಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಮಗಳು ಮಾತ್ರ ಮುಖ ಊದಿಸಿಕೊಂಡು ಪದ್ಯ ಹರಿದು ಹಾಕೋಕೆ ಹೊರಟಿದ್ದಳು, ನಾನೇ ಕಿತ್ತಿಟ್ಟುಕೊಂಡಿದ್ದೇನೆ.

ನನ್ನ ಪ್ರಶ್ನೆ ಎರಡು. ಆ ಹೂವಿಗೆ ಚಾಮರ ಅಂದಿದ್ದು ತಪ್ಪಾ? ಎರಡನೆಯದು ಸ್ವಲ್ಪ ದೊಡ್ಡದು. ಇವಳಿಗೆ ಪರೀಕ್ಷೆಯಲ್ಲಿ ಅಲಂಕಾರಕ್ಕೆ ಮೂರಕ್ಕೆ ಮೂರು ಬರುತ್ತದೆ. ಉಪಮೇಯ, ಉಪಮಾನ, ಸಮನ್ವಯ ಎಲ್ಲ ಬಾಯಿಪಾಠ. ಆದರೆ ಪಠ್ಯದ ಪದ್ಯ ತೆಗೆದು "ಇಲ್ಲಿ ಕವಿ ಯಾಕೆ ಹೀಗೆ ಹೇಳಿದ" ಅಂತ ಕೇಳಿದರೆ ಬ್ಬೆಬ್ಬೆಬ್ಬೆ. ನಾನು ಬಿ.ಕಾಂ. ಓದಿದವಳು, ನನಗೂ ಅಷ್ಟಕ್ಕಷ್ಟೆ. ಬೆಟ್ಟ, ಮೋಡ, ಹಕ್ಕಿ ಅಂತ ಬರೆದಿರುವ ಪದ್ಯದಲ್ಲಿ ಈ ಹೋಲಿಕೆಗಳನ್ನು ಅರ್ಥ ಮಾಡಿಕೊಳ್ಳೋದು ಹೇಗೆ? ಸುಲಭವಾಗಿ ಹೇಳಿ, ದಯವಿಟ್ಟು.

ಹಳೇಮೇಷ್ಟ್ರು, ಮೈಸೂರು

ನಾಲೆಏರಿ ಅಮ್ಮನವರೇ, ನಾನು ಕನ್ನಡ ಮೇಷ್ಟ್ರಾಗಿ ರಿಟೈರ್ ಆದವನು. ಆ ಮೂರು ಅಂಕದ ಪಾಪದಲ್ಲಿ ನನ್ನ ಪಾಲೂ ಇದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆಸಿದ್ದೇ ಬರೆಸಿದ್ದು. ಕೊನೆಗೆ ಏನಾಗುತ್ತದೆ ಅಂದರೆ ಮಗು ಪದ್ಯ ನೋಡುವುದೇ ಇಲ್ಲ, "ಅಂತೆ" ಎಲ್ಲಿದೆ, "ಹಾಗೆ" ಎಲ್ಲಿದೆ ಅಂತ ಹುಡುಕುತ್ತದೆ. ಸಿಕ್ಕರೆ ಉಪಮೆ, ಸಿಗದಿದ್ದರೆ ರೂಪಕ, ಮುಗಿಯಿತು. ಅಕ್ಕಿ ಆರಿಸಿದ ಹಾಗೆ. ಅನ್ನ ಮಾಡುವುದು ಯಾರ ಕೆಲಸ ಅಂತ ಯಾರೂ ಕೇಳಲಿಲ್ಲ.

ಮಗಳ ಪದ್ಯವನ್ನೇ ತೆಗೆದುಕೊಳ್ಳೋಣ, ಬೇರೆ ಯಾಕೆ? ಮೊದಲ ಸಾಲಿನಲ್ಲಿ "ಚಾಮರದಂತೆ" ಅಂದಿಲ್ಲ, ಚಾಮರ ಅಂತಲೇ ಅಂದಿದ್ದಾಳೆ. ಅದು ರೂಪಕ, ಸರಿ. ಒಂದನ್ನು ಚಾಮರ ಅಂದಮೇಲೆ ಅದನ್ನು ಬೀಸುವವನೂ ಬೇಕಲ್ಲ? ಎರಡನೇ ಸಾಲಿಗೆ ಗಾಳಿ ಸೇವಕನಾಗಿ ಬಂತು. ಸೇವಕ ಬಂದಮೇಲೆ ರಾಜ ಬರಲೇಬೇಕು. ಒಂದು ರೂಪಕ ಇನ್ನೊಂದನ್ನು ಕೈ ಹಿಡಿದು ಎಳೆದುಕೊಂಡು ಬರುತ್ತಿದೆ ನೋಡಿ. ಹತ್ತನೇ ಕ್ಲಾಸಿನ ಹುಡುಗಿ ಇಷ್ಟು ಮಾಡಿದರೆ ಸಣ್ಣದಲ್ಲ. ಕುಮಾರವ್ಯಾಸನಿಗೆ ರೂಪಕ ಸಾಮ್ರಾಜ್ಯ ಚಕ್ರವರ್ತಿ ಅಂತ ಹೆಸರು ಬಂದಿದ್ದು ಇಂಥ ರೂಪಕಗಳ ಮೆರವಣಿಗೆಯಿಂದಲೇ. ಲಕ್ಷ್ಮೀಶನಿಗೆ ಉಪಮಾಲೋಲ ಅಂತ ಹೆಸರು, ಅವನ ದಾರಿ ಬೇರೆ. ನಮ್ಮ ಜನ ಕವಿಗೆ ಬಿರುದು ಕೊಡುವಾಗಲೂ ಅಲಂಕಾರ ನೋಡಿ ಕೊಟ್ಟಿದ್ದಾರೆ ಅಂದರೆ ಇದು ಮೂರು ಅಂಕದ ವಿಷಯ ಅಲ್ಲ ಅಂತಾಯಿತು. ಅಷ್ಟೇ ಯಾಕೆ, ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ ಕವಿರಾಜಮಾರ್ಗ, 9ನೇ ಶತಮಾನದ್ದು. ಅದರ ಬಹುಪಾಲು ಅಲಂಕಾರದ ಮಾತೇ.

ಈಗ ಮೂರನೇ ಸಾಲಿಗೆ ಬನ್ನಿ. "ಬರುವವನಿರಬೇಕು" ಅಂದಿದ್ದಾಳೆ. ಇದೆ ಅಂತ ಹೇಳುತ್ತಿಲ್ಲ, ಇರಬೇಕೇನೋ ಅಂತ ಊಹಿಸುತ್ತಿದ್ದಾಳೆ. ಇದು ಉತ್ಪ್ರೇಕ್ಷೆ. ನಾಲ್ಕನೇ ಸಾಲು ಇನ್ನೂ ಚೆಂದ. ನೀರು ನಿಂತಿದ್ದಕ್ಕೆ ಅಸಲು ಕಾರಣ ಕಟ್ಟು. ಅವಳು ಅದನ್ನು ಪಕ್ಕಕ್ಕಿಟ್ಟು, ರಾಜನಿಗೆ ಮರ್ಯಾದೆ ಕೊಡೋಕೆ ನಿಂತಿದೆ ಅಂತ ಬೇರೆ ಕಾರಣ ಕಟ್ಟಿದಳು. ಹೀಗೆ ಇಲ್ಲದ ಕಾರಣವನ್ನು ಊಹಿಸಿ ಹೇಳುವುದಕ್ಕೆ ಹೇತೂತ್ಪ್ರೇಕ್ಷೆ ಅಂತಲೇ ಹೆಸರಿದೆ. ಈಗ ಹೇಳಿ, ಇದರ ರುಚಿ ಯಾರಿಗೆ ಜಾಸ್ತಿ ಗೊತ್ತಾಗುತ್ತದೆ? ಕಟ್ಟು ಅಂದರೇನು ಅಂತಲೇ ಗೊತ್ತಿಲ್ಲದ ನನ್ನ ಬೆಂಗಳೂರಿನ ಮೊಮ್ಮಗನಿಗಾ, ನಿಮ್ಮ ಮಾವನಿಗಾ? ಅಸಲು ಕಾರಣ ಗೊತ್ತಿದ್ದವನಿಗೆ ಮಾತ್ರ ಕಟ್ಟಿದ ಕಾರಣ ನೋಡಿ ನಗು ಬರುತ್ತದೆ. ನಿಮ್ಮ ಮಾವ ನಕ್ಕರು ಅಂದಿರಿ. ನನ್ನ ಲೆಕ್ಕದಲ್ಲಿ ಆ ಸಾಲನ್ನು ಸರಿಯಾಗಿ ಓದಿದವರು ಅವರೊಬ್ಬರೇ.

ಹಾಗಾಗಿ ಸುಲಭದಲ್ಲಿ ಹೇಳು ಅಂದರೆ, ಅಲಂಕಾರದ ಹೆಸರು ಕೊನೆಗಿರಲಿ. ಮೊದಲು ಆ ವಸ್ತು ಗೊತ್ತಾಗಬೇಕು. ಹಕ್ಕಿ ಅಂದರೆ ಯಾವ ಹಕ್ಕಿ, ಏನು ತಿನ್ನುತ್ತದೆ, ಯಾವ ತಿಂಗಳು ಬರುತ್ತದೆ. ಆಮೇಲೆ ಅದನ್ನು ಯಾವುದಕ್ಕೆ ಹೋಲಿಸಿದ್ದಾರೋ ಅದೂ ಗೊತ್ತಾಗಬೇಕು. ಮಗಳು ಚಾಮರ ಎಲ್ಲಿ ನೋಡಿದಳು ಕೇಳಿ. ಮೇಲುಕೋಟೆಯಲ್ಲಿ ವೈರಮುಡಿ ಉತ್ಸವಕ್ಕೆ ಹೋದಾಗಲೋ ಏನೋ. (ಚಾಮರವೂ ಕಾಡಿನದ್ದೇ, ಹಿಮಾಲಯದ ಕಡೆಯ ಚಮರೀಮೃಗದ ಬಾಲದ ಕೂದಲು. ನಿಸರ್ಗದಿಂದ ಅರಮನೆಗೆ ಹೋಗಿ ಈಗ ಕಬ್ಬಿನ ಗದ್ದೆಗೆ ವಾಪಸು ಬಂದಿದೆ!)

ಚಾಮರ ತಪ್ಪಾ ಅನ್ನೋದು ಉಳಿಯಿತು. ಹೋಲಿಕೆ ಒಂಟಿಯಾಗಿ ಬರುವುದಿಲ್ಲ, ನೆಂಟರನ್ನೆಲ್ಲ ಕರೆದುಕೊಂಡು ಬರುತ್ತದೆ. ಚಾಮರ ಅಂದಾಗ ಬಿಳುಪು, ನುಣುಪು, ತೂಗಾಟ ಬಂತು. ಅವುಗಳ ಹಿಂದೆಯೇ ರಾಜ, ಸಡಗರ, ಮಂಗಳವಾದ್ಯ ಎಲ್ಲ ಬಂತು. ಬಿಳುಪು, ತೂಗಾಟ ಸೂಲಂಗಿಗೆ ಒಪ್ಪುತ್ತದೆ. ಸಡಗರ ಒಪ್ಪುತ್ತದಾ ಅನ್ನೋದೇ ನಿಮ್ಮ ಮಾವನ ಪ್ರಶ್ನೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕಬ್ಬು ಬೆಳೆಯುವವರು ಯಾರಾದರೂ ಇದ್ದರೆ ಹೇಳಿ.

ಕೂಳೆಬೆಳೆ, ಮದ್ದೂರು

ಕರೆದ್ರಲ್ಲ, ಬಂದೆ.

ಅಕ್ಕ, ನಾನು ಮೂರು ಎಕರೆ ಕಬ್ಬು ಹಾಕಿದೀನಿ. ನಿಮ್ಮ ಮಾವ ಹೇಳಿದ್ದು ನಿಜ, ಆದರೆ ಪೂರ್ತಿ ನಿಜ ಅಲ್ಲ. ಸೂಲಂಗಿ ಬಂದ ತಕ್ಷಣ ಕಬ್ಬು ಬೆಂಡಾಗಲ್ಲ. ಏನಾಗತ್ತೆ ಅಂದರೆ, ಕಬ್ಬಿನ ತುದಿಯಲ್ಲಿ ಬೆಳೆಯೋ ಸುಳಿ ಇರತ್ತಲ್ಲ, ಅದೇ ಹೂವಾಗಿ ಹೋಗತ್ತೆ. ಸುಳಿ ಹೂವಾದಮೇಲೆ ಹೊಸ ಗೆಣ್ಣು ಬರೋದು ನಿಂತೋಯ್ತು. ಅಲ್ಲಿಗೆ ಅದರ ಎತ್ತರ ಮುಗೀತು. ಆಗಲೇ ಕಡಿದರೆ ಏನೂ ನಷ್ಟ ಇಲ್ಲ, ರಸ ಚೆನ್ನಾಗೇ ಇರತ್ತೆ. ಕಡಿಯದೆ ತಿಂಗಳುಗಟ್ಟಲೆ ಬಿಟ್ಟರೆ ಮಾತ್ರ ಪಕ್ಕದ ಕಣ್ಣುಗಳು ಒಡೆದು ಚಿಗುರತ್ತೆ, ಒಳಗೆ ಬೆಂಡು ಬರತ್ತೆ, ರಸ ಕಮ್ಮಿ, ತೂಕ ಕಮ್ಮಿ. ಅಂದರೆ ತಪ್ಪು ಹೂವಿಂದಲ್ಲ, ಕಡಿಯೋಕೆ ಬಾರದೇ ಇರೋರದ್ದು. ನಿಮ್ಮ ಮಾವನಿಗೆ ಆ ಹೂವು ಅಂದರೆ ಹೂವಲ್ಲ, ಕ್ಯಾಲೆಂಡರ್. ಇಷ್ಟು ದಿನ ಆಯ್ತು, ಇನ್ನೂ ಇಷ್ಟು ದಿನ ಇದೆ ಅಂತ ತೋರಿಸ್ತಾ ನಿಂತಿರತ್ತೆ.

ನಮ್ಮ ಊರಲ್ಲಿ ಇದಕ್ಕೆ ಏನಂತಾರೆ ಗೊತ್ತಾ? "ಕಬ್ಬಿಗೆ ನರೆ ಬಂತು" ಅಂತಾರೆ. ತಲೆ ನೆರೆತ ಹಾಗೆ. ಮೇಷ್ಟ್ರೇ, ಇದೂ ರೂಪಕ ತಾನೆ? ಬಿಳುಪೂ ಬಂತು, ನುಣುಪೂ ಬಂತು, ವಯಸ್ಸಾಯ್ತು ಅನ್ನೋದೂ ಬಂತು. ನೆಂಟರೆಲ್ಲ ಸರಿಯಾಗಿ ಬಂದ್ರು ನೋಡಿ. ಒಬ್ಬರೂ ಜಗಳ ಆಡಲ್ಲ.

ಇನ್ನೊಂದು ಮಾತು. ಈ ರೂಪಕ ಗೀಪಕ ಅಂದರೆ ಪದ್ಯದಲ್ಲಿ ಮಾತ್ರ ಇರೋದು ಅಂತ ನಾನೂ ಅಂದ್ಕೊಂಡಿದ್ದೆ. ಮೇಲೆ ನಾನೇ ಬರೆದಿದ್ದು ಓದಿದರೆ, ಕಬ್ಬಿನ "ಕಣ್ಣು" ಅಂದಿದೀನಿ. ಕಬ್ಬಿಗೆ ಎಲ್ಲಿಂದ ಬಂತು ಕಣ್ಣು? ಬಿತ್ತನೆಗೆ ಎರಡು ಕಣ್ಣಿನ ತುಂಡು ಕೊಡಿ, ಮೂರು ಕಣ್ಣಿನ ತುಂಡು ಕೊಡಿ ಅಂತ ದಿನಾ ಮಾತಾಡ್ತೀವಿ, ಒಂದು ದಿನವೂ ಯಾರೂ ಅದನ್ನ ಅಲಂಕಾರ ಅಂದಿಲ್ಲ. ಭತ್ತ ಹಾಲು ತುಂಬಿದೆ ಅಂತೀವಿ. ಮಳೆ ಕೈಕೊಡ್ತು ಅಂತೀವಿ, ಮಳೆಗೆ ಕೈ ಎಲ್ಲಿದೆ, ಅದೂ ಕೊಟ್ಟರೆ ಸಿಗಬೇಕು, ಇಲ್ಲಿ ಕೊಟ್ಟರೆ ಹೋಯ್ತು ಅಂತ! ನಾಲೆಯ ಕೊನೆಯಲ್ಲಿ ಇರೋ ನಮಗೆ ಟೈಲೆಂಡ್ ರೈತರು ಅಂತಾರೆ, ಅಂದರೆ ಬಾಲದವರು. ನಾಲೆಗೆ ಬಾಲ ಇದೆ ಅಂದಮೇಲೆ ಬಾಯಿಯೂ ಇರಬೇಕು, ಎಲ್ಲ ನೀರು ಅಲ್ಲೇ ಕುಡಿದುಬಿಡತ್ತೆ, ಅದು ಬೇರೆ ಕಥೆ ಬಿಡಿ.

ಮಗಳಿಗೆ ಹೇಳಿ, ಚಾಮರ ತಪ್ಪಲ್ಲ. ರಸ್ತೆಯಿಂದ ನೋಡಿದರೆ ಚಾಮರ, ಬದು ಮೇಲಿಂದ ನೋಡಿದರೆ ನರೆ. ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಸಂಶೋಧನಾ ಸಂಸ್ಥೆ ಇದೆ, 1912ರಲ್ಲಿ ಶುರುವಾಗಿದ್ದು. ಅಲ್ಲಿಯವರಿಗೆ ಸೂಲಂಗಿ ಬರಲೇಬೇಕು. ಹೂ ಬಂದರೆ ತಾನೆ ಒಂದು ತಳಿಗೆ ಇನ್ನೊಂದನ್ನ ಕೂಡಿಸಿ ಹೊಸ ತಳಿ ಮಾಡೋದು. ಅವರು ಕೂತು ಪದ್ಯ ಬರೆದರೆ ಚಾಮರಕ್ಕಿಂತ ಮೇಲೇ ಬರೀತಾರೆ.

ಕುಕ್ಕರಹಳ್ಳಿವಾಕಿಂಗ್

ಇಷ್ಟೊಂದು ಕೊಯ್ದು ನೋಡಬೇಕಾ ಒಂದು ಪದ್ಯವನ್ನ? ಸುಮ್ನೆ ಓದಿ, ಚೆನ್ನಾಗಿದ್ದರೆ ಖುಷಿಪಡಿ, ಇಲ್ಲದಿದ್ದರೆ ಮುಂದಕ್ಕೆ ಹೋಗಿ. ನಾನು ದಿನಾ ಬೆಳಗ್ಗೆ ಕೆರೆ ಏರಿ ಮೇಲೆ ನಡೀತೀನಿ, ಸೂರ್ಯ ಹುಟ್ಟೋದು ನೋಡ್ತೀನಿ, ಯಾವ ಅಲಂಕಾರ ಅಂತ ಕೇಳಿಲ್ಲ.

ಹಳೇಮೇಷ್ಟ್ರು, ಮೈಸೂರು

ಸೂರ್ಯ "ಹುಟ್ಟೋದು" ನೋಡ್ತೀರಾ? ಯಾರು ಹೆತ್ತರಂತೆ?

ಕುಕ್ಕರಹಳ್ಳಿವಾಕಿಂಗ್

ಮೇಷ್ಟ್ರೇ, ಸಿಕ್ಕಿಬಿದ್ದೆ. 🙏

ತಂಪುಹೊತ್ತು, ಮೈಸೂರು

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಮೇಷ್ಟ್ರು "ಮೊದಲು ವಸ್ತು ಗೊತ್ತಾಗಬೇಕು" ಅಂದರಲ್ಲ, ಅದು ಎಷ್ಟು ನಿಜ ಅಂತ ನನಗೆ ಪ್ರತಿ ವರ್ಷ ಗೊತ್ತಾಗುತ್ತದೆ. ಶೇಕ್ಸ್‌ಪಿಯರ್‌ನ ಒಂದು ಸಾನೆಟ್ ಇದೆ, ನಿನ್ನನ್ನು ಬೇಸಿಗೆಯ ಒಂದು ದಿನಕ್ಕೆ ಹೋಲಿಸಲಾ ಅಂತ ಶುರುವಾಗುತ್ತದೆ. ನಾನು ಇದನ್ನು ಹೇಳಿದ ಕೂಡಲೇ ಕ್ಲಾಸಿನಲ್ಲಿ ಗೊಳ್ ಅಂತ ನಗು. ಒಬ್ಬ ಹುಡುಗ ಎದ್ದು ನಿಂತು "ಮೇಡಂ, ಏಪ್ರಿಲ್ ತಿಂಗಳ ಮಂಡ್ಯಕ್ಕೆ ಹೋಲಿಸಿದರೆ ಯಾವ ಹುಡುಗಿ ಒಪ್ಪುತ್ತಾಳೆ" ಅಂದ. ಅವನು ತಮಾಷೆಗೆ ಹೇಳಿದರೂ ವಿಷಯ ಗಂಭೀರದ್ದೇ. ಇಂಗ್ಲೆಂಡಿನವರಿಗೆ ವರ್ಷದ ಬಹುಪಾಲು ಚಳಿ, ಮೋಡ. ಬೇಸಿಗೆ ಅಂದರೆ ಅವರಿಗೆ ಹಿತವಾದ ಬಿಸಿಲು, ಹೂವು, ಉದ್ದದ ಹಗಲು. ಇದು ಗೊತ್ತಿಲ್ಲದೆ ಆ ಸಾಲು ಓದಿದರೆ ಬೈಗುಳದ ಹಾಗೆ ಕೇಳಿಸುತ್ತದೆ.

ನಮ್ಮಲ್ಲಿ ಒಳ್ಳೆಯದೆಲ್ಲ ತಂಪು. "ನಿನ್ನ ಹೊಟ್ಟೆ ತಣ್ಣಗಿರಲಿ" ಅಂತ ಹರಸುತ್ತೇವೆ. ಮಗು ಪಾಸಾದರೆ ಮನಸ್ಸು ತಣ್ಣಗಾಯಿತು ಅನ್ನುತ್ತೇವೆ. ಕೆಟ್ಟದ್ದೆಲ್ಲ ಉರಿ, ಹೊಟ್ಟೆಯುರಿಯಿಂದ ಹಿಡಿದು. ಅಲ್ಲಿ ಉಲ್ಟಾ, ಪ್ರೀತಿ ಇದ್ದವನ ಮನಸ್ಸು ಬೆಚ್ಚಗೆ, ಇಲ್ಲದವನದು ತಣ್ಣಗೆ. ಹವೆಯೇ ಭಾಷೆಯೊಳಗೆ ಇಳಿದುಬಿಟ್ಟಿದೆ. ಕಾಳಿದಾಸ ಮೋಡವನ್ನು ಪ್ರಿಯೆಯ ಹತ್ತಿರ ದೂತನಾಗಿ ಕಳಿಸಿದ್ದೂ ಇಲ್ಲಿ ಮೋಡ ಕಂಡರೆ ಜನ ಹಿಗ್ಗುತ್ತಾರೆ ಅಂತಲೇ.

ಮೇಷ್ಟ್ರ ಮಾತಿಗೆ ಒಂದು ತಕರಾರು ಮಾತ್ರ ಇದೆ. ವಸ್ತುವನ್ನು ನೋಡಿಯೇ ಇರಬೇಕು ಅಂತ ಹಟ ಹಿಡಿದರೆ ನಮ್ಮ ಹಳೇ ಕಾವ್ಯದ ಅರ್ಧ ಹೋಯಿತು. ಬೆಳದಿಂಗಳು ಕುಡಿಯುವ ಚಕೋರ ಎಷ್ಟು ಕಾವ್ಯದಲ್ಲಿದೆ! ಆ ಹಕ್ಕಿ ಇರುವುದು ಹಿಮಾಲಯದ ಕಡೆಯ ಒಣ ಬೆಟ್ಟಗಳಲ್ಲಿ. ಅದನ್ನು ಬರೆದ ಕನ್ನಡ ಕವಿಗಳಲ್ಲಿ ಎಷ್ಟು ಜನ ಕಣ್ಣಾರೆ ನೋಡಿದ್ದರೋ! ನೋಡಿದ್ದರೂ ಅದು ಬೆಳದಿಂಗಳು ಕುಡಿಯುವುದನ್ನಂತೂ ನೋಡಿರಲಾರರು, ಕಾಳು, ಚಿಗುರು, ಹುಳ ತಿನ್ನುವ ಹಕ್ಕಿ ಅದು.

ಹಳೇಮೇಷ್ಟ್ರು, ಮೈಸೂರು

ಒಪ್ಪಿದೆ ಮೇಡಂ. ಅದಕ್ಕೆ ಕವಿಸಮಯ ಅಂತಾರೆ. ಹಂಸ ಹಾಲು ನೀರು ಬೇರೆ ಮಾಡುತ್ತದೆ, ಚಕೋರ ಬೆಳದಿಂಗಳು ಕುಡಿಯುತ್ತದೆ, ಇವೆಲ್ಲ ಕವಿಗಳು ತಮ್ಮತಮ್ಮೊಳಗೆ ಮಾಡಿಕೊಂಡ ಒಪ್ಪಂದ. ಅಲ್ಲಿ ಹಕ್ಕಿಶಾಸ್ತ್ರ ಕೇಳಬಾರದು, ಒಪ್ಪಂದ ಏನು ಅಂತ ಕೇಳಬೇಕು. ಪದ್ಯ ಓದುವಾಗ ಇದು ಕಂಡದ್ದಾ, ಕೇಳಿದ್ದಾ ಅಂತ ಒಮ್ಮೆ ವಿಚಾರಿಸಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ಮಗಳ ಪದ್ಯದಲ್ಲಿ ನೋಡಿ, ಸೂಲಂಗಿ ಕಂಡದ್ದು, ರಾಜ ಕೇಳಿದ್ದು.

ಬೆಳ್ಳಕ್ಕಿಸಾಲು, ಮೈಸೂರು

ಸ್ವಲ್ಪ ತಡವಾಗಿ ಬಂದೆ. ಹಕ್ಕಿ ಅಂದಮೇಲೆ ಸುಮ್ಮನಿರೋಕಾಗಲ್ಲ, ಭಾನುವಾರ ಆದರೆ ಬೈನಾಕ್ಯುಲರ್ ಹಿಡಿದು ರಂಗನತಿಟ್ಟಿನ ಕಡೆ ಹೋಗುವವನು ನಾನು.

ಕುವೆಂಪು ಅವರ ಒಂದು ಪದ್ಯ ಬಹಳ ಜನರಿಗೆ ಗೊತ್ತಿರತ್ತೆ. ತುಂಗೆಯ ದಡ, ಕಾಡು, ಬೆಟ್ಟ, ಆಕಾಶದಲ್ಲಿ ಬೆಳ್ಳಕ್ಕಿಗಳ ಸಾಲು, ಅದನ್ನು ದೇವರ ರುಜು ಅಂತ ಕರೆದಿದ್ದಾರೆ. ನನಗೆ ಅದು ಅರ್ಥವಾಗಿದ್ದು ಶಾಲೆಯಲ್ಲಿ ಅಲ್ಲ. ಒಂದು ಸಂಜೆ ಶ್ರೀರಂಗಪಟ್ಟಣದ ಹತ್ತಿರ ಹೊಳೆ ಪಕ್ಕ ನಿಂತಿದ್ದಾಗ ಬೆಳ್ಳಕ್ಕಿ ಹಿಂಡು ಗೂಡಿಗೆ ವಾಪಸು ಹೊರಟಿತ್ತು. ಸಾಲು ನೇರ ಇರಲ್ಲ, ಒಂಚೂರು ಸೊಟ್ಟ, ಒಂದು ಕಡೆ ಕೊಂಕು, ಕೊನೆಗೆ ಬಾಲ ಎಳೆದ ಹಾಗೆ. ಥೇಟ್ ನಮ್ಮ ಅಪ್ಪನ ಸಹಿ! ರುಜು ಅನ್ನೋದು ಎಂಥ ಪದ ನೋಡಿ. ಅರ್ಜಿ, ಪಹಣಿ, ಬ್ಯಾಂಕ್ ಕಾಗದದ ಮೇಲೆ ಇರೋದು. ರುಜು ಯಾವಾಗ ಹಾಕ್ತೀವಿ? ಪೂರ್ತಿ ಬರೆದು, ಇದು ನಂದೇ, ಇದಕ್ಕೆ ನನ್ನ ಒಪ್ಪಿಗೆ ಇದೆ ಅಂತ ಹೇಳೋಕೆ, ಕಟ್ಟಕಡೆಗೆ. ಹಕ್ಕಿ ಸಾಲನ್ನ ಹಾರ ಅಂದಿದ್ದರೆ ಬರೀ ಚೆಂದ ಅಷ್ಟೇ ಬರ್ತಿತ್ತು. ರುಜು ಅಂದಿದ್ದಕ್ಕೆ ಇಡೀ ಕಾಡು, ಹೊಳೆ, ಬೆಟ್ಟ ಒಂದು ಬರೆದ ಕಾಗದ ಆಗಿಬಿಡ್ತು. ಕಚೇರಿಯ ಪದ ಒಂದು ಕಾಡಿಗೆ ಹೋಗಿ ಇಷ್ಟು ಕೆಲಸ ಮಾಡತ್ತೆ ಅಂತ ನನಗೆ ಅವತ್ತು ಗೊತ್ತಾಯ್ತು.

ಇನ್ನೊಂದು ಇದೆ. ಪದ್ಯವಲ್ಲ, ಆದರೂ ಹೇಳಲೇಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಯಾರಾದರೂ ಹೋಗಿದ್ದೀರಾ? ಊರೊಳಗಿನ ಹುಣಸೆ ಮರಗಳ ಮೇಲೆ, ಮನೆ ಹಿತ್ತಲಲ್ಲಿ, ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಮೀನಿನ ವಾಸನೆ, ಗಲಾಟೆ, ಅಂಗಳದ ತುಂಬ ಹಿಕ್ಕೆ. ಬೇರೆ ಊರಾಗಿದ್ದರೆ ಕಲ್ಲು ಹೊಡೆದು ಓಡಿಸ್ತಿದ್ದರು. ಅಲ್ಲಿಯವರು ಏನಂತಾರೆ ಅಂದರೆ, ಇವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಆ ಒಂದು ಮಾತಿನಲ್ಲಿ ಎಲ್ಲ ಇದೆ. ಮಗಳು ಹೆರಿಗೆಗೆ ಬಂದರೆ ಗಲೀಜಾಯ್ತು ಅಂತ ಯಾರಾದರೂ ಬೈತಾರಾ? ಮಗು ಅತ್ತರೆ ನಿದ್ದೆ ಕೆಟ್ಟಿತು ಅಂತ ಹೊರಗೆ ಹಾಕ್ತಾರಾ? ಹೊತ್ತಿಗೆ ಸರಿಯಾಗಿ ಬರ್ತಾಳೆ, ಮಗು ಸ್ವಲ್ಪ ದೊಡ್ಡದಾದಮೇಲೆ ಹೊರಡ್ತಾಳೆ, ಬರೋ ವರ್ಷ ಬರದಿದ್ದರೆ ಕಣ್ಣು ದಾರಿ ನೋಡತ್ತೆ. ಹೆಜ್ಜಾರ್ಲೆ ಮಾಡೋದೂ ಅದನ್ನೇ. ಹಿಕ್ಕೆ ಗದ್ದೆಗೆ ಒಳ್ಳೇ ಗೊಬ್ಬರ, ಅದೂ ನಿಜ, ಆದರೆ ಬರೀ ಗೊಬ್ಬರದ ಲೆಕ್ಕಕ್ಕೆ ಯಾರೂ ಇಷ್ಟು ವರ್ಷ ಹಕ್ಕಿ ಸಾಕಲ್ಲ. ಈ ಹೋಲಿಕೆಯನ್ನು ಯಾವ ಕವಿಯೂ ಬರೆದಿದ್ದಲ್ಲ. ಕೆಲಸ ಮಾಡ್ತಿರೋ ರೂಪಕ ಇದು.

ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದಾಗ ಮುಖ್ಯಮಂತ್ರಿ ಬಂದು ಕಾವೇರಿಗೆ ಬಾಗಿನ ಬಿಡ್ತಾರಲ್ಲ, ಅದೂ ಹಾಗೇ ಅಲ್ವಾ? ಮೊರದಲ್ಲಿ ಅರಿಶಿನ, ಕುಂಕುಮ, ಬಳೆ ಇಟ್ಟು ಮುತ್ತೈದೆಗೆ ಕೊಡೋದನ್ನ ಹೊಳೆಗೆ ಕೊಡ್ತೀವಿ.

ತಂಪುಹೊತ್ತು, ಮೈಸೂರು

ರುಜು ಬಗ್ಗೆ ಬರೆದದ್ದು ತುಂಬ ಇಷ್ಟವಾಯಿತು. ಆದರೆ ಬಾಗಿನ ರೂಪಕ ಹೇಗಾಗುತ್ತದೆ? ಅದು ನಂಬಿಕೆ. ರೂಪಕ ಅಂದರೆ ಇದು ಅದಲ್ಲ ಅಂತ ಗೊತ್ತಿದ್ದೂ ಅದೇ ಅಂತ ಹೇಳುವುದು. ಗಾಳಿ ಸೇವಕ ಅಲ್ಲ ಅಂತ ಆ ಹುಡುಗಿಗೆ ಗೊತ್ತು. ಕಾವೇರಿ ತಾಯಿ ಅನ್ನುವವರಿಗೆ ಹಾಗೆ ಗೊತ್ತಿದೆಯಾ?

ಕೂಳೆಬೆಳೆ, ಮದ್ದೂರು

ಮೇಡಂ, ನಮ್ಮಜ್ಜಿ ಹೊಳೆಗೆ ಕೈಮುಗಿದೇ ಕಾಲಿಡ್ತಿದ್ದದ್ದು. ಅದೇ ಹೊಳೆಯಲ್ಲೇ ಪಾತ್ರೆ ಬೆಳಗ್ತಿದ್ದರು, ಎಮ್ಮೆ ಮೈ ತೊಳೀತಿದ್ದರು. ತಾಯಿ ಅನ್ನೋದೂ ಗೊತ್ತಿತ್ತು, ನೀರು ಅನ್ನೋದೂ ಗೊತ್ತಿತ್ತು. ಎರಡಕ್ಕೂ ಜಗಳ ತಂದಿಡಬೇಕು ಅಂತ ಅವರಿಗೆ ಅನ್ನಿಸಲೇ ಇಲ್ಲ. ಇದಕ್ಕೆ ನಿಮ್ಮ ಪುಸ್ತಕದಲ್ಲಿ ಏನು ಹೆಸರೋ ಗೊತ್ತಿಲ್ಲ.

ತಂಪುಹೊತ್ತು, ಮೈಸೂರು

ಹೆಸರು ನನಗೂ ಹೊಳೀತಿಲ್ಲ. ನಾಳೆ ಕ್ಲಾಸಿನಲ್ಲಿ ಇದನ್ನೇ ಕೇಳುತ್ತೇನೆ.

ನಾಲೆಏರಿ, ಮಂಡ್ಯ

ಅಬ್ಬಾ, ಎಷ್ಟೊಂದು ಬರೆದಿದ್ದೀರಿ! ಎಲ್ಲರಿಗೂ ಥ್ಯಾಂಕ್ಸ್. ಮೊನ್ನೆ ಮೊನ್ನೆ ಊರಿಗೆ ಹೋಗಿದ್ದೆವು. ಇದನ್ನೆಲ್ಲ ಮಗಳಿಗೂ ಮಾವನಿಗೂ ಒಟ್ಟಿಗೆ ಕೂರಿಸಿ ಓದಿ ಹೇಳಿದೆ. ಮೇಷ್ಟ್ರು "ಸರಿಯಾಗಿ ಓದಿದವರು ಅವರೊಬ್ಬರೇ" ಅಂದಿದ್ದನ್ನು ಮಾವ ಎರಡು ಸಲ ಓದಿಸಿದರು. ಆಮೇಲೆ ಅಕ್ಕಪಕ್ಕದವರಿಗೂ ಹೇಳಿಕೊಂಡು ಬಂದರು ಅಂತ ಅತ್ತೆ ಹೇಳಿದರು.

ಕೂಳೆಬೆಳೆ ಅವರು ಹೇಳಿದ ನರೆಯ ಮಾತು ಓದಿದಾಗ ಮಗಳು ತಾತನ ತಲೆ ನೋಡಿ ಕಿಸಕ್ ಅಂತ ನಕ್ಕಳು. ಚಾಮರ ತೆಗೆದು ನರೆ ಹಾಕ್ತೀಯಾ ಅಂತ ಕೇಳಿದೆ. ಇಲ್ಲ ಅಂದಳು. "ನಾನು ನೋಡಿದಾಗ ಅದು ಚಾಮರದ ಹಾಗೇ ಇತ್ತು. ನರೆ ತಾತ ನೋಡಿದ್ದು, ಬೇಕಾದರೆ ತಾತನೇ ಬರೀಲಿ" ಅಂತ ಹಟ. ನನಗೆ ಅದೂ ಸರಿ ಅನ್ನಿಸಿತು. ವೈರಮುಡಿ ಅಲ್ಲ ಮೇಷ್ಟ್ರೇ, ಚಾಮರ ನೋಡಿದ್ದು ನಮ್ಮೂರ ಮಾರಮ್ಮನ ಹಬ್ಬದಲ್ಲಂತೆ.

ಆದರೆ ಮೂರನೇ ಸಾಲು ಬದಲಾಯಿಸಿದಳು. ರಾಜ ಕೇಳಿದ್ದು, ಕಂಡದ್ದಲ್ಲ ಅಂತ ನೀವು ಹೇಳಿದ್ದು ಅವಳ ತಲೆಯಲ್ಲಿ ಕೂತುಬಿಟ್ಟಿದೆ. ಈ ಗದ್ದೆಯಲ್ಲಿ ಎಲ್ಲರೂ ಯಾರ ದಾರಿ ಕಾಯ್ತಿದ್ದಾರೆ ಅಂತ ತಾತನನ್ನೇ ಕೇಳಿದಳು. ಕಟಾವಿನವರದ್ದು, ಇನ್ಯಾರದ್ದು ಅಂದರು. ಈಗ ಹೀಗಿದೆ:

ಕಬ್ಬಿನ ಗದ್ದೆಗೆ ಬೆಳ್ಳಿಯ ಚಾಮರ
ಬೀಸುವ ಗಾಳಿಯೆ ಸೇವಕನು
ಕಟಾವಿನಾಳೇ ಬರುವವನಿರಬೇಕು
ನಾಲೆಯ ನೀರೂ ನಿಂತಿಹುದು

ಹಳೇಮೇಷ್ಟ್ರು, ಮೈಸೂರು

ಭಲೇ! ಕಟಾವಿನ ಆಳಿಗೆ ಚಾಮರ ಬೀಸಿಸಿದಳಲ್ಲ ಹುಡುಗಿ. ಮಾವನವರ ಸಂಕಟ ಪದ್ಯದೊಳಗೆ ಬಂದು ಕೂತಿತು, ಒಂದು ಪದವೂ ಅಳಲಿಲ್ಲ. ಇನ್ನೊಂದು ಗಮನಿಸಿದಿರಾ? "ಕಟಾವಿನಾಳೇ" ಅನ್ನುವುದನ್ನು ಬಿಡಿಸಿದರೆ ಕಟಾವಿನ ಆಳೇ. ಜೋರಾಗಿ ಓದಿದರೆ ಕಿವಿಗೆ "ನಾಳೇ" ಅಂತಲೂ ಬೀಳುತ್ತದೆ. ಶ್ಲೇಷ! ಬೇಕಂತ ಮಾಡಿದಳಾ?

ನಾಲೆಏರಿ, ಮಂಡ್ಯ

ಇಲ್ಲ ಮೇಷ್ಟ್ರೇ, ಅವಳಿಗೆ ಗೊತ್ತೇ ಇರಲಿಲ್ಲ. ಅದನ್ನು ಮೊದಲು ಕಂಡುಹಿಡಿದಿದ್ದು ಮಾವ. ಅವಳು ಓದುವಾಗ ಜಗಲಿ ಮೇಲೆ ಮಲಗಿದ್ದರು. ಆ ಸಾಲು ಬಂದ ಕೂಡಲೇ ಧಡಕ್ಕನೆ ಎದ್ದು ಕೂತು, "ಕಟಾವು ನಾಳೇನಾ? ಯಾರ್ ಹೇಳುದ್ರು ಮಗ?" ಅಂದರು.